ಲೈಸೆನ್ಸಿನಲ್ಲಿ ಬಿಎಸ್‌ಎ, ನಳಿಗೆಯ ಮೇಲೆ ಕಲ್ಕತ್ತಾ: ಈ .22 ರೈಫಲ್ ಎಲ್ಲಿಯದು?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ ನಾನು. ಒಂಟಿ ನಳಿಗೆಯ ತೋಟಾ ಕೋವಿಗೆ ಲೈಸೆನ್ಸ್ ಇದೆ. ಪಕ್ಕದ ಎಸ್ಟೇಟಿನ ಹಿರಿಯರೊಬ್ಬರು ಇನ್ನು ತಮ್ಮ ಕೈಲಾಗದೆಂದು .22 ರೈಫಲ್ ಮಾರಲು ಹೊರಟಿದ್ದಾರೆ. ಅವರ ಲೈಸೆನ್ಸ್ ಪುಸ್ತಕದಲ್ಲಿ ‘.22 ಬಿಎಸ್‌ಎ ರೈಫಲ್’ ಎಂದು ಬರೆದು ಐದಂಕಿಯ ನಂಬರ್ ಹಾಕಿದ್ದಾರೆ. ಅದೇ ನಂಬರ್ ನಳಿಗೆಯ ಮೇಲೂ ಇದೆ. ಆದರೆ ಬಿಎಸ್‌ಎ ಎಂಬ ಹೆಸರು ರೈಫಲ್ ಮೇಲೆ ಎಲ್ಲೂ ಇಲ್ಲ. ನಳಿಗೆಯ ಮೇಲ್ಭಾಗದಲ್ಲಿ ಕಲ್ಕತ್ತಾದ ಯಾವುದೋ ಕಂಪನಿಯ ಹೆಸರು ಅರ್ಧ ಮಾಸಿದೆ. ಎಡಬದಿಯಲ್ಲಿ ಕಿರೀಟದ ಗುರುತು, ಕೆಳಗೆ ಬಿ.ವಿ., ಬಿ.ಪಿ., ಎನ್.ಪಿ. ಎಂಬ ಮೂರು ಸಣ್ಣ ಮುದ್ರೆ, ಪಕ್ಕದಲ್ಲಿ ‘ನಾಟ್ ಇಂಗ್ಲಿಷ್ ಮೇಕ್’ ಎಂಬ ಅಕ್ಷರ. ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಬೋಲ್ಟಿನ ಹಿಡಿಯ ಬುಡದಲ್ಲಿ ಮೂರಂಕಿ ಇದೆ, ಅದು ನಳಿಗೆಯ ನಂಬರಿಗೆ ಹೊಂದುವುದಿಲ್ಲ. ಮ್ಯಾಗಜೀನ್ ಐದು ತೋಟಾದ್ದು. ಒಬ್ಬರು ಇದು ಮಿಲಿಟರಿ ಕೋವಿ ಅನ್ನುತ್ತಾರೆ, ಇನ್ನೊಬ್ಬರು ಜರ್ಮನ್ ಮೌಸರ್, ಕೇಳಿದಷ್ಟು ಕೊಟ್ಟು ತಗೊಳ್ಳಿ ಅನ್ನುತ್ತಾರೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಎಮರಿ ಕಾಗದ ಹಾಕಿ ಉಜ್ಜಿ, ಲೈಸೆನ್ಸಿನಲ್ಲಿರುವ ಹೆಸರನ್ನೇ ಪಂಚ್ ಮಾಡಿಸಿಬಿಡೋಣ ಎಂದರು. ಇದು ಯಾವ ಮಾಡೆಲ್, ಎಷ್ಟು ಹಳೆಯದು, ಈಗ ಸಿಗುವ ತೋಟಾ ಹಾಕಬಹುದೇ, ಕೊಳ್ಳಬಹುದೇ?

ಉತ್ತರ: ಮೊದಲು ಆ ಎಮರಿ ಕಾಗದವನ್ನು ದೂರ ಇಡಿ. ಅದರ ಕಾರಣ ಮುಂದೆ ಹೇಳುತ್ತೇನೆ. ನಿಮ್ಮ ಚಿಂತೆ ಮಾಡೆಲ್ ಯಾವುದು ಎಂಬುದಕ್ಕಿಂತ, ಕಾಗದ ಒಂದು ಹೇಳುತ್ತದೆ, ಕಬ್ಬಿಣ ಇನ್ನೊಂದು ಹೇಳುತ್ತದೆ, ನಡುವೆ ತಾನು ಸಿಕ್ಕಿಹಾಕಿಕೊಂಡರೆ ಗತಿಯೇನು ಎಂಬುದು. ಆ ಚಿಂತೆ ಸರಿಯಾದದ್ದೇ. ಸಮಾಧಾನದ ಸಂಗತಿ ಎಂದರೆ ನಂಬರ್ ಎರಡೂ ಕಡೆ ಒಂದೇ ಇದೆ. ತಪ್ಪಿರುವುದು ಹೆಸರು.

ಇದು ಬಿಎಸ್‌ಎ ಅಲ್ಲ. ನೀವು ಓದಿದ ಮೂರು ಪದಗಳೇ ಅದನ್ನು ಹೇಳುತ್ತವೆ. ಬಿಎಸ್‌ಎ ಎಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, 1861ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಕಂಪನಿ. ಅಲ್ಲಿ ತಯಾರಾದ ರೈಫಲ್ ಮೇಲೆ ‘ಇಂಗ್ಲಿಷ್ ತಯಾರಿಕೆ ಅಲ್ಲ’ ಎಂದು ಯಾರೂ ಹೊಡೆಯುವುದಿಲ್ಲ. ಹಾಗಾದರೆ ಬಿ ಅಕ್ಷರ ಎಲ್ಲಿಂದ ಬಂತು? ಅದು ಊರಿನ ಗುರುತು. ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಕಾಯಿದೆಯಿಂದ ಸ್ಥಾಪನೆಯಾದ ಪ್ರೂಫ್ ಹೌಸ್ ಇದೆ. ಬ್ರಿಟನ್ನಿನಲ್ಲಿ ಮಾರಾಟಕ್ಕೆ ಹೋಗುವ ಕೋವಿಗಳನ್ನು ಸಾಮಾನ್ಯವಾಗಿ ಅಲ್ಲಿ ಅಥವಾ ಲಂಡನ್ ಪ್ರೂಫ್ ಹೌಸಿನಲ್ಲಿ ಪರೀಕ್ಷೆಗೆ ಒಡ್ಡುತ್ತಾರೆ. ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಹಾರಿಸಿ, ನಳಿಗೆ ಉಬ್ಬಿಲ್ಲ, ಬಿರಿದಿಲ್ಲ ಎಂದು ನೋಡಿ ಮುದ್ರೆ ಒತ್ತುತ್ತಾರೆ. ಕಿರೀಟದ ಕೆಳಗೆ ಬಿ.ವಿ. ಎಂದರೆ ಕಣ್ಣಿನ ತಪಾಸಣೆ ಆಯಿತು, ಬಿ.ಪಿ. ಎಂದರೆ ಪ್ರೂಫ್ ಆಯಿತು, ಎನ್.ಪಿ. ಎಂದರೆ ಹೊಗೆರಹಿತ ನೈಟ್ರೋ ಮದ್ದಿನ ಪ್ರೂಫ್ ಆಯಿತು. ಗಾಡಿಗೆ ಎಫ್‌ಸಿ ಕೊಟ್ಟ ಆರ್‌ಟಿಒ ಆ ಗಾಡಿಯ ತಯಾರಕ ಅಲ್ಲವಲ್ಲ, ಇಲ್ಲೂ ಅಷ್ಟೇ. ಮಲೆನಾಡಿನ ಹಳೆಯ ಲೈಸೆನ್ಸ್ ಪುಸ್ತಕಗಳಲ್ಲಿ ಈ ತಪ್ಪು ಅಪರೂಪವಲ್ಲ. ಕಿರೀಟ ಕಂಡಿತು, ಬಿ ಕಂಡಿತು, ಬಿಎಸ್‌ಎ ಎಂದು ಬರೆದಾಯಿತು. ಮುಂದೆ ನವೀಕರಣ ಆದಾಗಲೆಲ್ಲ ಅದನ್ನೇ ನಕಲು ಮಾಡುತ್ತ ಬಂದರು.

ಕಿರೀಟ ಇದೆ ಎಂದರೆ ಮಿಲಿಟರಿ ಕೋವಿ ಎಂಬುದೂ ಹಾಗೇ ಹುಟ್ಟಿದ ಮಾತು. ಮಿಲಿಟರಿ ಆಯುಧಕ್ಕೆ ಸರಕಾರಿ ಮುದ್ರೆಗಳೇ ಬೇರೆ. ಬ್ರಿಟಿಷ್ ಸೇನೆಯದಾದರೆ ಅಗಲವಾದ ಬಾಣದ ಗುರುತು ಇರುತ್ತದೆ. ಕಿರೀಟವಂತೂ ಯೂರೋಪಿನ ಹಲವು ದೇಶಗಳ ಖಾಸಗಿ ಕೋವಿಗಳ ಮೇಲೂ ಇದೆ. ಜರ್ಮನಿಯಲ್ಲಿ 1940ರವರೆಗೆ ಕಿರೀಟ, ಆಮೇಲೆ ಹದ್ದು. ಬೆಲ್ಜಿಯಂನ ಲೀಜ್ ಊರಿನದು ಮೊಟ್ಟೆಯಾಕಾರದೊಳಗೆ ಇ.ಎಲ್.ಜಿ. ಎಂಬ ಅಕ್ಷರ, 1893ರ ನಂತರ ಅದರ ನೆತ್ತಿಗೂ ಒಂದು ಕಿರೀಟ.

ವಯಸ್ಸಿನ ಲೆಕ್ಕವೂ ಇದೇ ಮುದ್ರೆಗಳಲ್ಲಿ ಸಿಗುತ್ತದೆ. ಪರದೇಶದ ಕೋವಿಗೆ ‘ನಾಟ್ ಇಂಗ್ಲಿಷ್ ಮೇಕ್’ ಎಂದು ಹೊಡೆಯುವ ಪದ್ಧತಿ 1925ರ ಬ್ರಿಟಿಷ್ ಪ್ರೂಫ್ ನಿಯಮಗಳಿಂದ ಬಂದು 1955ರಲ್ಲಿ ನಿಂತಿತು. ಅದೇ 1955ರಿಂದ ಬರ್ಮಿಂಗ್‌ಹ್ಯಾಮಿನ ಮುದ್ರೆ ಬದಲಾಗಿ ಬಿ.ಎನ್.ಪಿ. ಎಂಬ ಒಂದೇ ಗುರುತು ಬಂತು. ನಿಮ್ಮ ರೈಫಲ್ ಮೇಲೆ ಹಳೆಯ ಮೂರು ಮುದ್ರೆ ಬೇರೆಬೇರೆಯಾಗಿಯೇ ಇವೆ. ಹಾಗಾಗಿ ಅದು 1925 ಮತ್ತು 1955ರ ನಡುವೆ ಬರ್ಮಿಂಗ್‌ಹ್ಯಾಮಿನ ಬಾಗಿಲು ದಾಟಿ ಬಂದದ್ದು. ಇದರ ಜೊತೆ ಅಡ್ಡಹಾಯ್ದ ಎರಡು ದಂಡಗಳಂಥ ಪುಟ್ಟ ಗುರುತು, ಅದರ ಸಂದಿಯಲ್ಲಿ ಒಂದು ಅಕ್ಷರ, ಒಂದು ಅಂಕೆ ಕಂಡರೆ ಅದೃಷ್ಟ. 1921ರಿಂದ ಬರ್ಮಿಂಗ್‌ಹ್ಯಾಮಿನವರು ತಪಾಸಣೆಯ ವರ್ಷವನ್ನು ಅಕ್ಷರದಲ್ಲಿ ಹೀಗೆ ಗುರುತಿಸುತ್ತಿದ್ದರು. ಅಂಕೆ ತಪಾಸಣೆ ಮಾಡಿದವನದು.

ಇನ್ನು ಕಲ್ಕತ್ತಾದ ಹೆಸರು. ನಳಿಗೆಯ ಮೇಲೆ ದೊಡ್ಡದಾಗಿ, ಅಂದವಾಗಿ ಕೆತ್ತಿದ ಹೆಸರು ತಯಾರಕನದೇ ಆಗಿರಬೇಕಿಲ್ಲ. ಆ ಕಾಲದಲ್ಲಿ ಆರ್.ಬಿ. ರೊಡ್ಡಾ, ಮ್ಯಾಂಟನ್, ಲಿಯಾನ್ ಅಂಡ್ ಲಿಯಾನ್ ಇವೆಲ್ಲ ಕಲ್ಕತ್ತಾದ ಹೆಸರುವಾಸಿ ಕೋವಿ ಅಂಗಡಿಗಳು. ಮದ್ರಾಸಿನಲ್ಲಿ ಗಡಿಯಾರಕ್ಕೆ ಹೆಸರಾದ ಪಿ. ಓರ್ ಅಂಡ್ ಸನ್ಸ್ ಕೂಡ ಕೋವಿ ಮಾರುತ್ತಿತ್ತು. ಯೂರೋಪಿನಿಂದ ತರಿಸಿದ ರೈಫಲ್ ಮೇಲೆ ತಮ್ಮ ಅಂಗಡಿಯ ಹೆಸರು ಹಾಕಿಸಿ ಮಾರುವುದು ಮಾಮೂಲಿ ವ್ಯಾಪಾರ. ರೊಡ್ಡಾದ ಹೆಸರನ್ನು ಇತಿಹಾಸ ಓದಿದವರು ಬೇರೆ ಕಾರಣಕ್ಕೆ ಬಲ್ಲರು. 1914ರ ಆಗಸ್ಟಿನಲ್ಲಿ ಬಂಗಾಳದ ಕ್ರಾಂತಿಕಾರಿಗಳು ಅದರ ಸರಕಿನಿಂದ 50 ಮೌಸರ್ ಪಿಸ್ತೂಲುಗಳನ್ನೂ 46,000 ತೋಟಾಗಳನ್ನೂ ಸಾಗಿಸಿದ್ದರು. ಅಂಗಡಿಯ ಹೆಸರು ಇದ್ದರೆ ಕೋವಿಗೆ ಸ್ವಲ್ಪ ಗೌರವ ಬರಬಹುದು, ತವರಿನ ವಿಳಾಸ ಮಾತ್ರ ಸಿಗುವುದಿಲ್ಲ.

ತವರಿನ ವಿಳಾಸ ಇರುವುದು ಕೋವಿಯ ಮರದ ಭಾಗದ, ಅಂದರೆ ಸ್ಟಾಕಿನ, ಕೆಳಗೆ. ಯೂರೋಪಿನ ತಯಾರಕರು ತಮ್ಮ ಪ್ರೂಫ್ ಮುದ್ರೆ, ಕ್ಯಾಲಿಬರ್, ತಿಂಗಳು, ವರ್ಷ ಇವನ್ನು ನಳಿಗೆಯ ಅಡಿಭಾಗದಲ್ಲಿ, ಸ್ಟಾಕ್ ಮುಚ್ಚುವ ಜಾಗದಲ್ಲಿ ಒತ್ತುವುದು ಹೆಚ್ಚು. ಹೊರಗೆ ಬೆವರು, ಮಳೆ, ಉಜ್ಜಾಟದಲ್ಲಿ ಮಾಸಿದ್ದು ಒಳಗೆ ಹೊಸದರಂತೆ ಉಳಿದಿರುತ್ತದೆ. ಆದ್ದರಿಂದ ಸ್ಟಾಕ್ ಬಿಚ್ಚಿ ನೋಡಲೇಬೇಕು. ಆದರೆ ಈ ಕೆಲಸ ಲೈಸೆನ್ಸ್ ಹೊಂದಿದ ಮಾಲೀಕರ ಮನೆಯಲ್ಲಿ, ಅವರ ಎದುರೇ, ಅವರ ಕೈಯಿಂದಲೇ ನಡೆಯಲಿ. ‘ನಾಲ್ಕು ದಿನ ಮನೆಗೆ ಒಯ್ದು ನೋಡಿ ಕೊಡುತ್ತೇನೆ’ ಎನ್ನುವಂತಿಲ್ಲ. ನಿಮ್ಮ ಪುಸ್ತಕದಲ್ಲಿ ಸೇರದ ಕೋವಿ ನಿಮ್ಮ ಜೀಪಿನಲ್ಲಿದ್ದರೆ ಅದು ಲೈಸೆನ್ಸಿಲ್ಲದ ಕೋವಿಯೇ.

ಬಿಚ್ಚುವ ಕ್ರಮ ಹೀಗೆ. ಮ್ಯಾಗಜೀನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆಳೆದು ತೋಟಾ ಕೂರುವ ಚೇಂಬರಿಗೆ ಕಣ್ಣು ಹಾಕಿ, ಕಿರುಬೆರಳಿನ ತುದಿಯನ್ನೂ ತಾಗಿಸಿ ನೋಡಿ. ಕಣ್ಣು ಒಂದೇ ಸಾಲದು, ಮಸಿ ಹಿಡಿದ ಚೇಂಬರಿನಲ್ಲಿ .22 ತೋಟಾದ ಪುಟ್ಟ ತಳ ಕಾಣದೆ ಹೋಗುವುದುಂಟು. ಆಮೇಲೆ ಟ್ರಿಗರ್ ಹಿಂದಕ್ಕೆ ಒತ್ತಿ ಹಿಡಿದು ಬೋಲ್ಟ್ ಹೊರಗೆ ತೆಗೆಯಿರಿ. ಹೆಚ್ಚಿನ .22ಗಳಲ್ಲಿ ಅದು ಹೀಗೆ ಬರುತ್ತದೆ, ಕೆಲವಕ್ಕೆ ಪಕ್ಕದಲ್ಲಿ ಗುಂಡಿ ಇರುತ್ತದೆ. ನಳಿಗೆಯನ್ನು ಹಿಡಿದಿಡುವ ಸ್ಕ್ರೂ ಒಂದೋ ಎರಡೋ ಇರುತ್ತವೆ, ಮ್ಯಾಗಜೀನ್ ಬಾಯಿಯ ಮುಂದೆ ಒಂದು, ಟ್ರಿಗರ್ ಗಾರ್ಡಿನ ಹಿಂದೆ ಒಂದು. ಆ ಸ್ಕ್ರೂಗಳ ಗೀರು ಬಹಳ ತೆಳು. ಬೆಣೆಯಂತೆ ಮೊನಚಾದ ಮನೆಬಳಕೆಯ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ಗೀರಿನ ಅಂಚು ಕಿತ್ತುಬರುತ್ತದೆ. ಗೀರಿನ ಉದ್ದಕ್ಕೂ ಅಗಲಕ್ಕೂ ಸರಿಯಾಗಿ ಕೂರುವಂತೆ ತುದಿಯನ್ನು ಸಮಾನಾಂತರವಾಗಿ ಅರೆದ ಡ್ರೈವರ್ ಬೇಕು. ಬಿಗಿದಿದ್ದರೆ ಒಂದು ಹನಿ ಸೀಮೆಎಣ್ಣೆ ಬಿಟ್ಟು ಮರುದಿನ ಪ್ರಯತ್ನಿಸಿ. ಮಳೆಗಾಲದಲ್ಲಂತೂ ಮರ ಉಬ್ಬಿ ನಳಿಗೆಯನ್ನು ಕಚ್ಚಿಕೊಂಡಿರುತ್ತದೆ. ಮೀಟಬೇಡಿ, ಮೂತಿಯ ಕಡೆಯಿಂದ ನೇರವಾಗಿ ಮೇಲಕ್ಕೆತ್ತಿ.

ಅಡಿಭಾಗವನ್ನು ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಸೀಮೆಎಣ್ಣೆಯಿಂದ ತೊಳೆದು ಬಟ್ಟೆಯಲ್ಲಿ ಒರೆಸಿ. ತಂತಿ ಬ್ರಷ್ ಬೇಡ. ಅಕ್ಷರಗಳ ಮೇಲೆ ಟಾಲ್ಕಂ ಪೌಡರ್ ಸವರಿ ಮೇಲ್ಮೈಯನ್ನಷ್ಟೇ ಒರೆಸಿದರೆ ಗುಳಿಯಲ್ಲಿ ಬಿಳಿ ಉಳಿಯುತ್ತದೆ. ಕೋಣೆ ಕತ್ತಲು ಮಾಡಿ, ಮೊಬೈಲಿನ ಟಾರ್ಚನ್ನು ನಳಿಗೆಗೆ ಅಡ್ಡಲಾಗಿ, ಹೆಚ್ಚೂಕಡಿಮೆ ತಾಗುವಷ್ಟು ಕೆಳಗೆ ಹಿಡಿದು ಒಂದೊಂದು ಕಡೆಯಿಂದಲೂ ಫೋಟೋ ತೆಗೆಯಿರಿ. ಎದುರಿನಿಂದ ಬೆಳಕು ಬಿಟ್ಟರೆ ಸಪಾಟಾಗಿ ಕಾಣುವ ಜಾಗದಲ್ಲಿ ಪಕ್ಕದ ಬೆಳಕಿಗೆ ಅಕ್ಷರ ಎದ್ದು ಬರುತ್ತದೆ. ಪಕ್ಕದಲ್ಲೊಂದು ಸ್ಕೇಲ್ ಇರಲಿ.

ಏನು ಸಿಕ್ಕರೆ ಏನು ಅರ್ಥ? ‘.22 ಎಲ್.ಎಫ್.ಬಿ.’ ಎಂದಿದ್ದರೆ ಜರ್ಮನ್ ಮಾತಾಡುವ ನಾಡಿನ ರೈಫಲ್. ನಾವು .22 ಲಾಂಗ್ ರೈಫಲ್ ಎನ್ನುವ ತೋಟಾಕ್ಕೆ ಅವರಿಡುವ ಹೆಸರು ಅದು. ಕಿರೀಟದ ಕೆಳಗೆ ಎನ್ ಅಥವಾ ಯು ಇದ್ದರೆ 1940ಕ್ಕೆ ಮೊದಲಿನ ಜರ್ಮನಿ. ಜೂಲ್ ಮತ್ತು ಜೆಲ್ಲಾ-ಮೇಲಿಸ್ ಊರುಗಳ ಪ್ರೂಫಿನಲ್ಲಿ ತಿಂಗಳು, ವರ್ಷವನ್ನು ಒಟ್ಟಿಗೆ ಹೊಡೆಯುತ್ತಿದ್ದರು: 635 ಎಂದರೆ 1935ರ ಜೂನ್. ಇದನ್ನೇ ಸೀರಿಯಲ್ ನಂಬರ್ ಎಂದು ತಿಳಿದು ಲೈಸೆನ್ಸಿಗೆ ಬರೆಸಿದವರಿದ್ದಾರೆ, ಎಚ್ಚರ. ಮೌಸರ್ ಆಗಿದ್ದರೆ ಬಾವುಟದಂಥ ಚೌಕಟ್ಟಿನೊಳಗೆ ಹೆಸರು ಎದ್ದು ಕಾಣುವಂತೆ ಹಾಕಿರುತ್ತಾರೆ. ಕಂಪನಿಗೆ ಅದರ ಬಗ್ಗೆ ಜಂಬವೇ ಇತ್ತು, ಮರದ ಕೆಳಗೆ ಬಚ್ಚಿಡುವ ಪೈಕಿಯಲ್ಲ. ಹೊರಗೆಲ್ಲೂ ಆ ಬಾವುಟ ಕಾಣದಿರುವುದರಿಂದ ಮೌಸರ್ ಎಂಬ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆ ಬೆಲೆ ನೀವೂ ಕೊಡಬೇಡಿ. ಗೆಕೋ ಎಂದಿದ್ದರೆ ಅದು ಗುಸ್ತಾವ್ ಗೆನ್‌ಶೋ ಎಂಬ ವ್ಯಾಪಾರಿ ಸಂಸ್ಥೆಯ ಹೆಸರು, ರೈಫಲ್ ಮಾಡಿದವರು ಬೇರೆ ಕಾರ್ಖಾನೆಯವರು. ಆನ್ಷುಟ್ಜ್ ಕಂಪನಿ ಯುದ್ಧಕ್ಕೆ ಮೊದಲು ಜೆಲ್ಲಾ-ಮೇಲಿಸ್‌ನಲ್ಲಿತ್ತು, 1950ರಿಂದ ಉಲ್ಮ್‌ನಲ್ಲಿದೆ. ಹಾಗಾಗಿ ಊರಿನ ಹೆಸರೊಂದೇ ಕಾಲವನ್ನು ಹೇಳಿಬಿಡುತ್ತದೆ.

ಎರಡು ಬಾಲದ ಸಿಂಹ, ಪಕ್ಕದಲ್ಲಿ ಎರಡಂಕಿಯ ವರ್ಷ ಕಂಡರೆ ಚೆಕೊಸ್ಲೊವಾಕಿಯ. ಆಗ ಅದು ಬ್ರನೋ ಆಗಿರುವ ಸಾಧ್ಯತೆ ಹೆಚ್ಚು, ವೃತ್ತದೊಳಗಿನ ಜೆಡ್ ಅಕ್ಷರ ಹುಡುಕಿ. ನಮ್ಮ ಕಡೆ ಎಸ್ಟೇಟುಗಳಲ್ಲಿ ಬ್ರನೋ ಮಾಡೆಲ್ 1, ಮಾಡೆಲ್ 2ಕ್ಕೆ ಒಳ್ಳೆಯ ಹೆಸರಿದೆ. ಆ ಹೆಸರು ಅರ್ಹವಾದದ್ದೇ, ನಳಿಗೆಯ ಕೆಲಸ ಅಷ್ಟು ಅಚ್ಚುಕಟ್ಟು. ಇ.ಎಲ್.ಜಿ. ಮುದ್ರೆ ಇದ್ದರೆ ಲೀಜ್. ಅಲ್ಲಿ ನೂರಾರು ಸಣ್ಣ ಕಾರ್ಖಾನೆಗಳಿದ್ದವು, ಮಾಡೆಲ್ ಹೆಸರೇ ಇಲ್ಲದ ಕೋವಿಗಳು ಅಲ್ಲಿಂದ ಹಡಗುಗಟ್ಟಲೆ ಹೋದವು. ಹಾಗೆ ಬಂದಿದ್ದರೆ ‘ಬೆಲ್ಜಿಯಂ ತಯಾರಿಕೆ, ಬೋಲ್ಟ್ ಆಕ್ಷನ್’ ಎಂಬಲ್ಲಿಗೆ ಹುಡುಕಾಟ ನಿಲ್ಲುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಲೈಸೆನ್ಸಿಗೆ ಅಷ್ಟು ಸಾಕು.

ನೀವು ಕೊಟ್ಟ ವಿವರದಿಂದ ನನ್ನ ಅಂದಾಜು: ಎರಡು ಮಹಾಯುದ್ಧಗಳ ನಡುವಿನ ಜರ್ಮನ್ ರೈಫಲ್, ಇಂಗ್ಲೆಂಡಿನ ಸಗಟು ವ್ಯಾಪಾರಿಯ ಮೂಲಕ ಕಲ್ಕತ್ತಾಕ್ಕೆ ಬಂದದ್ದು. ಮರದ ಕೆಳಗಿನ ಮುದ್ರೆ ಇದನ್ನು ಖಚಿತ ಮಾಡಬಹುದು, ಸುಳ್ಳೂ ಮಾಡಬಹುದು.

ನಿಜವಾದ ಬಿಎಸ್‌ಎ ಕೈಗೆ ಬಂದರೆ ಹೇಗಿರುತ್ತದೆ ಎಂದು ತಿಳಿದಿರಲಿ. ಮೂರು ರೈಫಲ್‌ಗಳನ್ನು ಗೋಪುರದಂತೆ ಒಂದಕ್ಕೊಂದು ಒರಗಿಸಿಟ್ಟ ಚಿತ್ರ ಅದರ ಗುರುತು. ಯುದ್ಧಾನಂತರದ ಬೋಲ್ಟ್ ಆಕ್ಷನ್‌ಗಳ ಮೇಲೆ ಸ್ಪೋರ್ಟ್ಸ್‌ಮನ್ ಫೈವ್, ಟೆನ್, ಫಿಫ್ಟೀನ್ ಎಂದು ಹೆಸರೇ ಇರುತ್ತದೆ. ಫಿಫ್ಟೀನ್ ಆದರೆ ನಳಿಗೆಯ ಕೆಳಗೆ ಕೊಳವೆ ಮ್ಯಾಗಜೀನ್. ಟ್ರಿಗರ್ ಗಾರ್ಡಿನ ಹಿಂದಿನ ಲಿವರ್ ಕೆಳಗೆಳೆದರೆ ಬಾಯಿ ತೆರೆಯುವ ಒಂಟಿ ತೋಟಾದ ಗುರಿಸ್ಪರ್ಧೆಯ ರೈಫಲ್ ಆದರೆ ಅದು ಮಾರ್ಟಿನಿ.

ನಂಬರೇ ಇಲ್ಲದ .22 ಬಗ್ಗೆಯೂ ಆಗಾಗ ಪ್ರಶ್ನೆ ಬರುತ್ತದೆ. ಅಮೆರಿಕದಲ್ಲಿ 1968ರ ಕಾಯಿದೆಗೆ ಮೊದಲು ಎಲ್ಲ ಕೋವಿಗೂ ಸೀರಿಯಲ್ ನಂಬರ್ ಕಡ್ಡಾಯವಿರಲಿಲ್ಲ. ವಿಂಚೆಸ್ಟರ್ ಮಾಡೆಲ್ 67ರಂಥ ಅಗ್ಗದ ಒಂಟಿ ತೋಟಾದ ರೈಫಲ್‌ಗಳು ನಂಬರಿಲ್ಲದೆಯೇ ಕಾರ್ಖಾನೆಯಿಂದ ಹೊರಟಿವೆ. ಅಂಥದರಲ್ಲಿ ಕಳ್ಳತನ, ಅಳಿಸಾಟ ಇರಲೇಬೇಕೆಂದಿಲ್ಲ. ಆದರೆ ನಮ್ಮ 1959ರ ಆಯುಧ ಕಾಯಿದೆಯ 8ನೇ ಸೆಕ್ಷನ್ ಪ್ರಕಾರ ತಯಾರಕನ ಹೆಸರು, ನಂಬರ್ ಅಥವಾ ಸರಕಾರ ಒಪ್ಪಿದ ಗುರುತು ಇಲ್ಲದ ಕೋವಿಯನ್ನು ಮಾರುವಂತಿಲ್ಲ. ಲೈಸೆನ್ಸಿಂಗ್ ಪ್ರಾಧಿಕಾರದ ಮೂಲಕ ಗುರುತು ಹಾಕಿಸದೆ ಅದಕ್ಕೆ ಬೆಲೆ ಮಾತಾಡಬಾರದು.

ಎಮರಿ ಕಾಗದ ಬೇಡವೆಂದದ್ದೂ ಅದೇ ಸೆಕ್ಷನ್ನಿಗಾಗಿ. ಕೋವಿಯ ಮೇಲಿನ ಹೆಸರು, ನಂಬರು, ಗುರುತು ಯಾವುದನ್ನೂ ಅಳಿಸುವುದು, ತಿದ್ದುವುದು, ಹೊಸದಾಗಿ ಸೃಷ್ಟಿಸುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅಳಿಸಿದ ಗುರುತಿನ ಕೋವಿ ಯಾರ ಕೈಯಲ್ಲಿ ಸಿಕ್ಕಿತೋ ಅವರೇ ಅಳಿಸಿದರು ಎಂದು ಕಾಯಿದೆ ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊರೆ ನಿಮ್ಮದು. ಈಗ ನಿಮ್ಮ ರೈಫಲ್‌ನಲ್ಲಿರುವುದು ಕಚೇರಿಯ ಬರಹದ ತಪ್ಪು. ಬಿಎಸ್‌ಎ ಎಂದು ಪಂಚ್ ಹೊಡೆದ ಕ್ಷಣ ಅದು ನಿಮ್ಮ ಅಪರಾಧವಾಗುತ್ತದೆ. ಮಾಸಿದ ಅಕ್ಷರವನ್ನು ಆ್ಯಸಿಡ್ ಹಾಕಿ ಎಬ್ಬಿಸುವ ವಿದ್ಯೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಸೇರಿದ್ದು, ಗ್ಯಾರೇಜಿನದಲ್ಲ.

ಬೋಲ್ಟಿನ ನಂಬರಿಗೆ ಬರೋಣ. ಇದನ್ನು ನಾನು ಹೆಸರಿನ ತಪ್ಪಿಗಿಂತ ಗಂಭೀರವಾಗಿ ನೋಡುತ್ತೇನೆ, ಏಕೆಂದರೆ ಅದು ನಿಮ್ಮ ಕಣ್ಣಿಗೆ ಸಂಬಂಧಿಸಿದ್ದು. ಯೂರೋಪಿನ ಹಲವು ತಯಾರಕರು ನಳಿಗೆಯ ನಂಬರನ್ನೋ ಅದರ ಕೊನೆಯ ಅಂಕಿಗಳನ್ನೋ ಬೋಲ್ಟಿನ ಮೇಲೂ ಹಾಕುತ್ತಿದ್ದರು. ಹೊಂದದಿದ್ದರೆ ಎರಡು ಸಾಧ್ಯತೆ: ಆ ಅಂಕಿ ಜೋಡಣೆಯ ಸಂಖ್ಯೆಯಾಗಿರಬಹುದು, ಸೀರಿಯಲ್‌ಗೆ ಸಂಬಂಧವೇ ಇಲ್ಲದ್ದು. ಹಾಗಿದ್ದರೆ ಅದೇ ಅಂಕಿ ಬೋಲ್ಟ್ ಓಡಾಡುವ ರಿಸೀವರಿನ ಅಡಿಯಲ್ಲಿ ಅಥವಾ ಟ್ರಿಗರ್ ಗಾರ್ಡಿನ ಒಳಬದಿಯಲ್ಲಿ ಮತ್ತೆ ಸಿಗುತ್ತದೆ, ಸ್ಟಾಕ್ ಬಿಚ್ಚಿದಾಗ ಹುಡುಕಿ. ಎಲ್ಲೂ ಸಿಗದಿದ್ದರೆ ಬೋಲ್ಟ್ ಬೇರೆ ರೈಫಲ್‌ನದು. ಬೋಲ್ಟನ್ನು ಬೇರೆ ಮಾಡಿ ಇಡುವ ರೂಢಿ ಇರುವಲ್ಲಿ, ಒಂದೇ ಮಾದರಿಯ ಎರಡು ರೈಫಲ್ ಒಟ್ಟಿಗೆ ರಿಪೇರಿಗೆ ಹೋದಲ್ಲಿ ಅದಲುಬದಲು ಆಗುವುದು ಕಷ್ಟವಲ್ಲ.

ಅದರಿಂದೇನು ತೊಂದರೆ? ರಿಮ್‌ಫೈರ್ ತೋಟಾದ ಕೇಪು ಬೇರೆ ಇಲ್ಲ, ತಳದ ಅಂಚಿನೊಳಗೇ ಸ್ಫೋಟಕ ಸುತ್ತಿಕೊಂಡಿರುತ್ತದೆ. ಆ ಅಂಚಿನ ದಪ್ಪ ಸುಮಾರು 1.1 ಮಿ.ಮೀ. ಬೋಲ್ಟಿನ ಮುಖ ಮತ್ತು ನಳಿಗೆಯ ನಡುವೆ ಅಷ್ಟೇ ಜಾಗ ಇರಬೇಕು, ಇದನ್ನೇ ಹೆಡ್‌ಸ್ಪೇಸ್ ಎನ್ನುವುದು. ಬೇರೆ ಬೋಲ್ಟ್ ಹಾಕಿ ಆ ಜಾಗ ಹೆಚ್ಚಾದರೆ ಪಿನ್ನು ಏಟು ಹಾಕಿದಾಗ ಅಂಚಿಗೆ ಹಿಂದಿನಿಂದ ಆಸರೆ ಇರುವುದಿಲ್ಲ. ತೆಳುವಾದ ಹಿತ್ತಾಳೆ ಅಲ್ಲೇ ಒಡೆದು ಬಿಸಿ ಅನಿಲ ಹಿಂದಕ್ಕೆ, ನೇರ ಮುಖಕ್ಕೆ ನುಗ್ಗುತ್ತದೆ. ಜಾಗ ಕಡಿಮೆಯಾದರೆ ಬೋಲ್ಟ್ ಮುಚ್ಚುವಾಗಲೇ ಅಂಚು ಜಜ್ಜಿಹೋಗುತ್ತದೆ, ಕೆಲವೊಮ್ಮೆ ಅಷ್ಟಕ್ಕೇ ಹಾರಿಬಿಡುತ್ತದೆ. ಲೈಸೆನ್ಸ್ ಹೊಂದಿದ ಗನ್‌ಸ್ಮಿತ್ ಬಳಿ ಇದಕ್ಕೆ ಗೇಜ್ ಇರುತ್ತದೆ, ಅಳೆಯಲು ಹೆಚ್ಚು ಹೊತ್ತು ಬೇಡ.

ಮಾಲೀಕರ ಬಳಿ ಹಾರಿಸಿದ ಖಾಲಿ ತೋಟಾ ಇದ್ದರೆ ಕೇಳಿ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಪಿನ್ನಿನ ಗುರುತು ಅಂಚಿನ ಮೇಲೆಯೇ, ಚೂಪಾಗಿ, ಒಂದೇ ಆಳದಲ್ಲಿ ಇರಬೇಕು. ಗುರುತಿನ ಪಕ್ಕ ಕೂದಲೆಳೆಯ ಬಿರುಕು, ಮಸಿಯ ಹೊಗೆ ಕಂಡರೆ ಅನಿಲ ಸೋರುತ್ತಿದೆ. ಅಂಚಿನ ಒಂದು ಕಡೆ ಮಾತ್ರ ಉಬ್ಬಿದ್ದರೆ ಬೋಲ್ಟ್ ಸರಿಯಾಗಿ ಕೂರುತ್ತಿಲ್ಲ. ಚಿಪ್ಪಿನ ಮೈಮೇಲೆ ಉದ್ದಕ್ಕೆ ಸೀಳು ಬಿದ್ದಿದ್ದರೆ ಚೇಂಬರ್ ಆ ತೋಟಾದ್ದೇ ಅಲ್ಲ ಎಂಬ ಅನುಮಾನ ಪಡಬೇಕು: .22 ಮ್ಯಾಗ್ನಮ್ ಚೇಂಬರಿನಲ್ಲಿ ಲಾಂಗ್ ರೈಫಲ್ ತೋಟಾ ಸಡಿಲವಾಗಿ ಕೂತು ಹೀಗೆ ಬಿರಿಯುತ್ತದೆ. ನಿಮ್ಮದಕ್ಕೆ ಆ ಭಯವಿಲ್ಲ, ಮ್ಯಾಗ್ನಮ್ ಬಂದದ್ದೇ 1959ರಲ್ಲಿ. ನಿಮ್ಮ ಕಾಲದ ರೈಫಲ್‌ನಲ್ಲಿ ನೋಡಬೇಕಾದ್ದು 6 ಮಿ.ಮೀ. ಅಥವಾ 9 ಮಿ.ಮೀ. ಫ್ಲೋಬರ್ಟ್ (ಕಡಿಮೆ ಶಕ್ತಿಯ ಹಳೆಯ ರಿಮ್‌ಫೈರ್ ತೋಟಾ) ಎಂಬ ಗುರುತು. ಅದಿದ್ದರೆ ಲಾಂಗ್ ರೈಫಲ್ ತೋಟಾ ಹಾಕುವ ಮಾತೇ ಬೇಡ.

ಚೇಂಬರಿನ ಇನ್ನೆರಡು ರೋಗಗಳಿವೆ. ಖಾಲಿ ಚೇಂಬರಿಗೆ ಟ್ರಿಗರ್ ಒತ್ತಿ ಒತ್ತಿ ಆಡಿದ ರೈಫಲ್‌ನಲ್ಲಿ ಪಿನ್ನು ನಳಿಗೆಯ ಅಂಚಿಗೇ ಬಡಿದು ಪುಟ್ಟ ಗುಂಡಿ ಮಾಡಿರುತ್ತದೆ. ಅಲ್ಲಿ ಎದ್ದ ಲೋಹ ಚೇಂಬರಿನೊಳಗೆ ಚಾಚಿಕೊಂಡು ತೋಟಾ ಒಳಗೆ ಹೋಗುವಾಗಲೂ ಬರುವಾಗಲೂ ಕೆರೆಯುತ್ತದೆ. ಇದು ರಿಪೇರಿಯಾಗುತ್ತದೆ. ಎರಡನೆಯದು, ಹಿಂದೆ ಅಗ್ಗವೆಂದು .22 ಶಾರ್ಟ್ ತೋಟಾ ಬಳಸುತ್ತಿದ್ದ ರೈಫಲ್‌ನದು. ಶಾರ್ಟ್‌ನ ಚಿಪ್ಪು 10.7 ಮಿ.ಮೀ., ಲಾಂಗ್ ರೈಫಲ್‌ನದು 15.6. ನಡುವೆ ಉಳಿದ 5 ಮಿ.ಮೀ. ಜಾಗದಲ್ಲಿ ಸೀಸ, ಮಸಿ, ಸವೆತ ಸೇರಿ ಬಳೆಯಂಥ ಗೀರು ಬೀಳುತ್ತದೆ. ಉದ್ದನೆಯ ಚಿಪ್ಪು ಹಾರಿಸಿದಾಗ ಆ ಗೀರಿನೊಳಕ್ಕೆ ಉಬ್ಬಿ ಕಚ್ಚಿಕೊಳ್ಳುತ್ತದೆ, ಎಕ್ಸ್‌ಟ್ರಾಕ್ಟರ್ ಎಳೆದರೂ ಬರುವುದಿಲ್ಲ. ಬರೀ ಕೊಳೆಯಾದರೆ ತೊಳೆದು ಹೋಗುತ್ತದೆ, ಲೋಹವೇ ಸವೆದಿದ್ದರೆ ಬೇರೆ ನಳಿಗೆಯೇ ಗತಿ.

ನಳಿಗೆಯ ಒಳಗನ್ನು ಬೋಲ್ಟ್ ತೆಗೆದು ಹಿಂದಿನಿಂದ ನೋಡಿ, ಮೂತಿಯ ಮುಂದೆ ಬಿಳಿ ಕಾಗದ ಹಿಡಿದಿರಲಿ. ಇಲ್ಲಿ ನಮ್ಮ ಮಳೆಯದೂ ಹಳೆಯ ತೋಟಾದ್ದೂ ಜೋಡಿ ಕೆಲಸ. 1920ರ ದಶಕದ ಕೊನೆಯವರೆಗೆ ಹೆಚ್ಚಿನ ರಿಮ್‌ಫೈರ್ ತೋಟಾಗಳ ಕೇಪಿನ ಮಸಾಲೆ ಉಪ್ಪಿನ ಅಂಶ ಬಿಡುತ್ತಿತ್ತು, ತುಕ್ಕುರಹಿತ ಮಸಾಲೆ ಆಮೇಲೆ ರೂಢಿಗೆ ಬಂದದ್ದು. ಆ ಉಪ್ಪು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೂಡಿಗೆರೆಯ ತೇವವನ್ನು ಹೀರಿಕೊಂಡು ನಳಿಗೆಯೊಳಗೆ ಗುಳಿ ತೋಡಿರುತ್ತದೆ. ಇಡೀ ನಳಿಗೆ ಬೂದುಬಣ್ಣವಾಗಿ, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಮಾತ್ರ ಸ್ಪಷ್ಟವಾಗಿದ್ದರೆ ಬಳಸಬಹುದು. ಮೂತಿಯ ಕೊನೆಯ ಎರಡು ಅಂಗುಲದಲ್ಲಿ ಗೀರಿನ ಅಂಚು ದುಂಡಾಗಿದ್ದರೆ ಗುರಿ ನಿಲ್ಲದು. ಉದ್ದಕ್ಕೆ ನೋಡುವಾಗ ಒಂದೆಡೆ ಕರಿ ಉಂಗುರದಂಥ ನೆರಳು ಕಂಡರೆ ನಳಿಗೆ ಉಬ್ಬಿದೆ, ಹಿಂದೆ ಯಾವಾಗಲೋ ಒಳಗೆ ಗುಂಡು ಸಿಕ್ಕಿಕೊಂಡಿದ್ದಾಗ ಇನ್ನೊಂದು ಹಾರಿಸಿದ್ದಾರೆ. ಆಗ ಮಾತು ಅಲ್ಲಿಗೇ ಮುಗಿಸಿ ಬನ್ನಿ.

ಗೀರಿನ ಸುತ್ತನ್ನೂ ಅಳೆಯಬಹುದು. ಹಿಡಿ ತಿರುಗುವ ಕ್ಲೀನಿಂಗ್ ರಾಡಿಗೆ ಬಿಗಿಯಾದ ಬಟ್ಟೆ ಸುತ್ತಿ ಒಳಗೆ ತಳ್ಳಿ, ರಾಡಿನ ಮೇಲ್ಭಾಗದಲ್ಲಿ ಪೆನ್ಸಿಲ್ ಗುರುತು ಹಾಕಿ. ಗುರುತು ಒಂದು ಪೂರ್ತಿ ಸುತ್ತು ತಿರುಗಿ ಮೇಲೆ ಬರುವಷ್ಟರಲ್ಲಿ ರಾಡು ಸುಮಾರು 16 ಅಂಗುಲ ಒಳಗೆ ಹೋಗಿದ್ದರೆ ಅದು ಲಾಂಗ್ ರೈಫಲ್‌ಗೆಂದೇ ಮಾಡಿದ ನಳಿಗೆ. 20 ಅಥವಾ 24 ಅಂಗುಲ ಬಂದರೆ ಶಾರ್ಟ್‌ಗೆಂದು ಮಾಡಿದ್ದು.

ಈಗಿನ ತೋಟಾ ಹಾಕಬಹುದೇ ಎಂದು ಕೇಳಿದ್ದೀರಿ. ಮೇಲಿನ ತಪಾಸಣೆ ಪಾಸಾದರೆ ಸ್ಟ್ಯಾಂಡರ್ಡ್ ವೆಲಾಸಿಟಿಯ .22 ಲಾಂಗ್ ರೈಫಲ್ ಹಾಕಿ, ಸೆಕೆಂಡಿಗೆ ಸುಮಾರು 325 ಮೀಟರ್ ವೇಗದ್ದು. ಹೈ ವೆಲಾಸಿಟಿ ಬಂದದ್ದು 1930ರ ಸುಮಾರಿಗೆ. ಅದಕ್ಕೆ ಮೊದಲು ಹುಟ್ಟಿದ, ಬೋಲ್ಟ್ ಬೇರೆಯಾದ ರೈಫಲ್‌ಗೆ ಅದನ್ನು ಹಾಕುವ ಆಸೆ ಬೇಡ.

ಈಗ ಕಾಗದದ ಕೆಲಸ. ಮೊದಲನೆಯ ದಾರಿ, ನಾನು ಹೇಳುವ ದಾರಿ: ಮಾರುವವರೇ ತಮ್ಮ ಲೈಸೆನ್ಸನ್ನು ಮೊದಲು ಸರಿಮಾಡಿಸಲಿ. ಮುದ್ರೆಗಳ ಫೋಟೋ ಲಗತ್ತಿಸಿ, ನಂಬರ್ ಅದೇ, ತಯಾರಕನ ಹೆಸರು ತಪ್ಪಾಗಿದೆ ಎಂದು ಚಿಕ್ಕಮಗಳೂರಿನ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ. ಸಾಮಾನ್ಯವಾಗಿ ಕೋವಿಯನ್ನು ಪೊಲೀಸ್ ಆರ್ಮರರ್ ಪರಿಶೀಲಿಸಿ ವರದಿ ಕೊಡುತ್ತಾರೆ. ಮಾಡೆಲ್ ಗೊತ್ತಾಗದಿದ್ದರೆ ಊಹೆ ಬರೆಸಬೇಡಿ. ಲೋಹದ ಮೇಲೆ ಕಾಣುವುದಷ್ಟನ್ನೇ ಬರೆಸಿ. ಸಮಯ ಹಿಡಿಯುತ್ತದೆ, ಹಿರಿಯರಿಗೆ ಕಚೇರಿ ಅಲೆದಾಟ ಬೇಸರ ತರಿಸುತ್ತದೆ, ಆದರೂ ತಪ್ಪು ಅವರ ಪುಸ್ತಕದಲ್ಲಿರುವಾಗ ತಿದ್ದುವುದು ಸುಲಭ. ನಿಮ್ಮ ಪುಸ್ತಕಕ್ಕೆ ಬಂದ ಮೇಲೆ ಅದನ್ನು ವಿವರಿಸಬೇಕಾದವರು ನೀವು.

ನಿಮ್ಮ ಕಡೆಯಿಂದಲೂ ಒಂದು ಕೆಲಸವಿದೆ. ಒಂಟಿ ನಳಿಗೆಯ ತೋಟಾ ಕೋವಿಗೆ ಸಿಕ್ಕ ಲೈಸೆನ್ಸಿನ ಮೇಲೆ ರೈಫಲ್ ಕೊಳ್ಳಲಾಗದು. ಲೋ ವೆಲಾಸಿಟಿಯ .22 ರಿಮ್‌ಫೈರ್ ರೈಫಲ್ ಎಂದು ಬೇರೆಯಾಗಿ ಸೇರಿಸಿಕೊಂಡು ಖರೀದಿಗೆ ಅನುಮತಿ ಪಡೆಯಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ, ಹಾಗಾಗಿ ಇದರೊಂದಿಗೆ ನಿಮ್ಮ ಲೆಕ್ಕ ಭರ್ತಿ. ಮಾರುವವರು ಮಾರುವ ಉದ್ದೇಶವನ್ನು, ಕೊಳ್ಳುವವರ ವಿವರ ಸಹಿತ, ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರಹದಲ್ಲಿ ತಿಳಿಸಿ 45 ದಿನ ಕಳೆಯುವವರೆಗೆ ಕೈ ಬದಲಾಗಬಾರದು. ‘ಕೊಡಗಿನವರಿಗೆ ಲೈಸೆನ್ಸೇ ಬೇಡ, ನಮಗೇಕೆ ಇಷ್ಟೆಲ್ಲ’ ಎಂಬ ಮಾತು ಸಕಲೇಶಪುರ, ಮೂಡಿಗೆರೆ ಕಡೆ ಕೇಳಿಬರುತ್ತದೆ. ಆ ವಿನಾಯಿತಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಸೇರಿದ್ದು, ಈಗ 2029ರವರೆಗೆ ವಿಸ್ತರಣೆಯಾಗಿದೆ. ಹಾಸನ, ಚಿಕ್ಕಮಗಳೂರಿನ ಬೆಳೆಗಾರರಿಗೆ ಗಡಿ ಹತ್ತಿರ ಎಂಬ ಕಾರಣಕ್ಕೆ ಅದು ಸಿಗುವುದಿಲ್ಲ.

ಎರಡನೆಯ ದಾರಿ, ಅಧಿಕೃತ ಡೀಲರ್ ಮೂಲಕ. ಹಿರಿಯರು ಕೋವಿಯನ್ನು ಡೀಲರಿಗೆ ಒಪ್ಪಿಸುತ್ತಾರೆ, ನೀವು ಅಲ್ಲಿಂದ ಕೊಳ್ಳುತ್ತೀರಿ. ಕಮಿಷನ್ ಹೋಗುತ್ತದೆ, ಆದರೆ ಹೆಡ್‌ಸ್ಪೇಸ್ ಅಳತೆ ಅಲ್ಲೇ ಮುಗಿಯುತ್ತದೆ ಮತ್ತು ಹೆಸರಿನ ತಪ್ಪಿನ ಬಗ್ಗೆ ಇನ್ನೊಬ್ಬ ತಿಳಿದವರ ಮಾತು ಕಾಗದದ ಮೇಲಿರುತ್ತದೆ. ಬೋಲ್ಟ್ ನಿಜಕ್ಕೂ ಬೇರೆಯದೇ ಆಗಿದ್ದರೆ ನಾನು ಈ ದಾರಿಯನ್ನೇ ಆಯ್ದುಕೊಳ್ಳುತ್ತೇನೆ. ಲೇತ್ ಅಂಗಡಿಯಲ್ಲಿ ಪಿನ್ನು ಕಟೆಸುವುದು, ಬೋಲ್ಟ್ ಮುಖ ಅರೆಸುವುದು ಇವೆಲ್ಲ ಅಪಾಯ ಮಾತ್ರವಲ್ಲ, ಕೋವಿ ರಿಪೇರಿಗೂ ಲೈಸೆನ್ಸ್ ಬೇಕು.

ಬೆಲೆಯ ವಿಷಯದಲ್ಲಿ, ವಿದೇಶಿ ಎಂಬ ಒಂದೇ ಮಾತಿಗೆ ಜಾಸ್ತಿ ಕೊಡಬೇಡಿ. 1980ರ ದಶಕದ ಮಧ್ಯದಿಂದ ಸಾಮಾನ್ಯರಿಗೆ ಕೋವಿ ಆಮದು ನಿಂತದ್ದರಿಂದ ಹಳೆಯ ವಿದೇಶಿ ರೈಫಲ್‌ಗಳಿಗೆ ಬೇಡಿಕೆ ಇದೆ ನಿಜ. ಆ ಬೇಡಿಕೆ ಒಳ್ಳೆಯ ನಳಿಗೆಗೆ, ಹೊಂದುವ ನಂಬರಿಗೆ. ಇದಕ್ಕೆ ಒಂದು ಬೋಲ್ಟ್ ಅನುಮಾನದ್ದು, ಒಂದು ಹೆಸರು ತಪ್ಪಿನದು. ಮ್ಯಾಗಜೀನ್ ಕಳೆದರೆ ಇನ್ನೊಂದು ಸಿಗುವುದೂ ಕಷ್ಟ. ಮುಂಗಡ ಕೊಡುವುದಾದರೆ ಅನುಮತಿ ಬಾರದಿದ್ದರೆ ವಾಪಸ್ ಎಂದು ಬರೆಸಿಕೊಳ್ಳಿ.

ಹಂದಿಗೆ ಎಂದು ಇದನ್ನು ಕೊಳ್ಳುತ್ತಿದ್ದರೆ ಬೇಡ. ಅನುಮತಿಯ ಪ್ರಶ್ನೆ ಒಂದು ಕಡೆ, .22ರ ಗುಂಡು ಹಂದಿಯನ್ನು ಗಾಯಮಾಡಿ ಕಾಫಿ ಗಿಡದೊಳಗೆ ನುಗ್ಗಿಸುತ್ತದೆ, ಕೊಲ್ಲುವುದಿಲ್ಲ. ಸಣ್ಣ ಗುಂಡೆಂಬ ತಾತ್ಸಾರವೂ ಬೇಡ, ಅದು ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು. ಇಳಿಜಾರಿನ ತೋಟದಲ್ಲಿ ಆಚೆ ಗುಡ್ಡದ ಕೂಲಿ ಲೈನ್ ಅಷ್ಟು ದೂರ ಇರುವುದಿಲ್ಲ.

ಕೊನೆಗೆ, ಕೊಂಡದ್ದೇ ಆದರೆ ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ರಸೀದಿಯಲ್ಲಿ ನಳಿಗೆಯ ನಂಬರ್ ಜೊತೆಗೆ ಬೋಲ್ಟಿನ ಅಂಕಿಯನ್ನೂ ಮ್ಯಾಗಜೀನ್ ಸಂಖ್ಯೆಯನ್ನೂ ಬರೆಸಿ. ಒಳಗೆ ಹೊರಗೆ ಎಣ್ಣೆ ಸವರಿ ಕೊಡಿ, ಕ್ಯಾನ್ವಾಸ್ ಚೀಲದಲ್ಲಿ ಬಿಗಿದು ಕೊಡಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ವಾಪಸ್ ತೆಗೆದುಕೊಳ್ಳುವಾಗ ಸಹಿ ಹಾಕುವ ಮೊದಲೇ ಬೋಲ್ಟಿನ ಅಂಕಿ ನೋಡಿ.